ಧಾರೆ ಬೆಳಿಗ್ಗೆ, ಟೋಸ್ಟ್ ಸಂಜೆ: ಉಡುಪಿ ಕಡಲತೀರದಲ್ಲಿ ಒಂದು ಮದುವೆಯ ಲೆಕ್ಕಾಚಾರ

ಪ್ರಶ್ನೆ: ನಾವು ಹಾಸನದ ಒಕ್ಕಲಿಗರು. ಹುಡುಗ ಮಂಗಳೂರಿನ ಕಥೋಲಿಕ, ದುಬೈನಲ್ಲಿ ಕೆಲಸ, ಸಿಗುವ ರಜೆ ಮೂರೇ ವಾರ. 2027ರ ಜನವರಿ–ಮಾರ್ಚ್ ಒಳಗೆ ಉಡುಪಿ ಕಡೆಯ ಬೀಚ್ ರೆಸಾರ್ಟ್ ಒಂದರಲ್ಲಿ ಸುಮಾರು 150 ಜನರನ್ನು ಕರೆದು ಮದುವೆ ಮಾಡಿಕೊಳ್ಳುವ ಆಸೆ. ನಮ್ಮಜ್ಜಿಗೆ ಧಾರೆ ಆಗಲೇಬೇಕು, ಪುಷ್ಯಮಾಸ ಕೂಡದು. ಅವರಮ್ಮನಿಗೆ ಚರ್ಚ್ ಮದುವೆ ಆಗಲೇಬೇಕು. ಎರಡನ್ನೂ ಮರಳಿನ ಮೇಲೆ, ಒಂದೇ ವೇದಿಕೆಯಲ್ಲಿ, ಸೂರ್ಯಾಸ್ತದ ಹೊತ್ತಿಗೆ ಇಟ್ಟುಕೊಳ್ಳಬಹುದೇ?

ಉತ್ತರ: ಒಂದೇ ದಿನ ಆಗುತ್ತದೆ. ಒಂದೇ ವೇದಿಕೆ, ಒಂದೇ ಹೊತ್ತು ಬೇಡ. ಬೇಡ ಅನ್ನುವುದಕ್ಕೆ ಕಾರಣ ಮಡಿವಂತಿಕೆಯಲ್ಲ. ಗಾಳಿ, ಬಿಸಿಲು, ನೀರು, ಚರ್ಚಿನ ನಿಯಮ ನಾಲ್ಕೂ ಅದಕ್ಕೆ ವಿರುದ್ಧವಾಗಿವೆ. ಒಂದೊಂದಾಗಿ ನೋಡೋಣ. ಎಲ್ಲಕ್ಕಿಂತ ಮೊದಲು ದಿನಾಂಕ. ನೀವು ಅಂದುಕೊಂಡಷ್ಟು ಆಯ್ಕೆ ಅಲ್ಲಿ ಇಲ್ಲ.

ಜನವರಿ 14ರವರೆಗೆ ಧನುರ್ಮಾಸ. ಸಂಕ್ರಾಂತಿ ಕಳೆದರೂ ನಮ್ಮ ಚಾಂದ್ರಮಾನದ ಪುಷ್ಯ ಮುಗಿಯುವುದು ಫೆಬ್ರವರಿ 6ರ ಶನಿವಾರ, ಅಮಾವಾಸ್ಯೆಗೆ. ಅತ್ತ ಕಥೋಲಿಕರ ತಪಸ್ಸು ಕಾಲ (ಲೆಂಟ್) ಶುರುವಾಗುವುದು ಬೂದಿ ಬುಧವಾರದಿಂದ. 2027ರಲ್ಲಿ ಅದು ಫೆಬ್ರವರಿ 10. ಅಲ್ಲಿಂದ ಮಾರ್ಚ್ 28ರ ಈಸ್ಟರ್‌ವರೆಗೆ ಮಂಗಳೂರು ಕಡೆಯ ಕಥೋಲಿಕ ಮನೆಗಳಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಈಸ್ಟರ್‌ಗೆ ಮೊದಲು ಅಜ್ಜಿಗೂ ಅತ್ತೆಗೂ ಒಟ್ಟಿಗೆ ಒಪ್ಪಿಗೆಯಾಗುವುದು ಮೂರೇ ದಿನ: ಫೆಬ್ರವರಿ 7 ಭಾನುವಾರ, ಮಾಘ ಶುದ್ಧ ಪಾಡ್ಯ, 8 ಸೋಮವಾರ, ಬಿದಿಗೆ, 9 ಮಂಗಳವಾರ, ತದಿಗೆ. ಪಾಡ್ಯವನ್ನು ಮದುವೆಗೆ ಹಿಡಿಯುವವರು ಕಡಿಮೆ, ಮಂಗಳವಾರವನ್ನು ನಿಮ್ಮ ಕಡೆ ಒಪ್ಪುವುದಿಲ್ಲ. ಮಿಗುವುದು ಸೋಮವಾರ. ಅವತ್ತು ರಾಹುಕಾಲ, ಸಾಮಾನ್ಯ ಲೆಕ್ಕದಲ್ಲಿ, ಬೆಳಿಗ್ಗೆ 7:30ರಿಂದ 9. ಅದು ಕಳೆಯುತ್ತಿದ್ದಂತೆ, ಸುಮಾರು 9ರಿಂದ 10:30ರವರೆಗೆ ಮೀನ ಲಗ್ನ. ತಾರಾಬಲ, ಚಂದ್ರಬಲ ನೋಡಿ ಕೊನೆಯ ಮಾತು ಹೇಳಬೇಕಾದವರು ನಿಮ್ಮ ಜೋಯಿಸರು. ಅವರು ಒಪ್ಪದಿದ್ದರೆ ಈಸ್ಟರ್ ಕಳೆದ ಮೇಲಿನ ದಿನ ಹುಡುಕಬೇಕು, ಆದರೆ ಏಪ್ರಿಲ್‌ನಲ್ಲಿ ಕರಾವಳಿಯ ಸೆಕೆಗೆ ಬಾಸಿಂಗ ಕಟ್ಟಿಕೊಂಡು ಕೂರುವುದು ಶಿಕ್ಷೆ.

ಈಗ ಚರ್ಚಿನ ವಿಷಯ. ಮುಂಗಡ ಕಟ್ಟುವ ಮೊದಲು ಇದು ಇತ್ಯರ್ಥವಾಗಬೇಕು. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗದವರನ್ನು ಕಥೋಲಿಕರು ಮದುವೆಯಾಗಲು ಬಿಷಪರ ವಿಶೇಷ ವಿನಾಯಿತಿ ಬೇಕು. ಹುಡುಗ ತನ್ನ ಧರ್ಮಕೇಂದ್ರದ (ಪ್ಯಾರಿಷ್) ಗುರುಗಳ ಮೂಲಕ ಅರ್ಜಿ ಹಾಕಬೇಕು. ಜೊತೆಗೆ ವಿವಾಹಪೂರ್ವ ತರಬೇತಿ, ಅವಿವಾಹಿತ ಎಂಬ ಪತ್ರ, ಚರ್ಚಿನಲ್ಲಿ ಘೋಷಣೆ ಇರುತ್ತವೆ. ಆರು ತಿಂಗಳು ಮೊದಲೇ ಹೊರಟರೆ ನಿರಾಳ. ಈ ಅರ್ಜಿಯಲ್ಲಿ ಹುಡುಗ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿ ಕಥೋಲಿಕರಾಗಿ ಬೆಳೆಸಲು ತನ್ನಿಂದಾದಷ್ಟು ಮಾಡುತ್ತೇನೆ ಎಂದು ಮಾತು ಕೊಡಬೇಕು. ನಿಮ್ಮಿಂದ ಮಾತು ಕೇಳುವುದಿಲ್ಲ, ಆದರೆ ಅವರು ಕೊಟ್ಟ ಮಾತು ನಿಮಗೆ ತಿಳಿದಿರಬೇಕು ಎಂಬುದು ನಿಯಮ. ಹೂವಿನ ಬಣ್ಣ ಮಾತಾಡುವ ಮೊದಲು ಇಬ್ಬರೂ ಕೂತು ಇದನ್ನು ಮಾತಾಡಿ. ಎಷ್ಟೋ ಜೋಡಿಗಳಿಗೆ ಇದು ಗೊತ್ತಾಗುವುದು ಸಹಿ ಹಾಕುವ ಮೇಜಿನ ಮುಂದೆ.

ಬೀಚಿನಲ್ಲಿ ಪಾದ್ರಿಗಳನ್ನು ನಿಲ್ಲಿಸಿ ಮದುವೆ ಮಾಡಿಸುವುದು ಚಿತ್ರಗಳಲ್ಲಿ ನೋಡಲು ಚೆಂದ. ನಿಮ್ಮಂಥ ಮದುವೆಯನ್ನು ಚರ್ಚಿನಲ್ಲಿ ಅಥವಾ ‘ಬೇರೆ ಸೂಕ್ತ ಸ್ಥಳ’ದಲ್ಲಿ ನಡೆಸಬಹುದು ಎಂದು ಚರ್ಚಿನ ಕಾನೂನೇ ಹೇಳುತ್ತದೆ. ಮರಳು ಸೂಕ್ತ ಸ್ಥಳವೇ ಎನ್ನುವುದು ಬಿಷಪರಿಗೆ ಬಿಟ್ಟದ್ದು. ಸಿಗುವುದಿಲ್ಲ ಎಂದೇ ಯೋಜನೆ ಹಾಕಿ. ರೆಸಾರ್ಟಿನಿಂದ 20 ನಿಮಿಷದೊಳಗಿನ ಚರ್ಚ್ ನೋಡಿ. ಇಂಥ ಮದುವೆ ಸಾಮಾನ್ಯವಾಗಿ ಬಲಿಪೂಜೆ (ಮಾಸ್) ಇಲ್ಲದೆ, ವಾಚನ, ಪ್ರತಿಜ್ಞೆ, ಉಂಗುರ, ಆಶೀರ್ವಾದದಲ್ಲಿ ಮುಗಿಯುವುದರಿಂದ ನಿಮ್ಮ ಕಡೆಯವರಿಗೂ ಕೂರಲು ತ್ರಾಸವಿಲ್ಲ.

ಇಲ್ಲೊಂದು ಗಂಟಿದೆ. ಚರ್ಚಿನ ಮದುವೆಗೆ ಮೊದಲಾಗಲಿ ಆಮೇಲಾಗಲಿ, ವಿವಾಹದ ಒಪ್ಪಿಗೆಯನ್ನು ಮತ್ತೊಮ್ಮೆ ಕೊಡುವ ಇನ್ನೊಂದು ಧಾರ್ಮಿಕ ವಿಧಿ ಕೂಡದು ಎಂದು ಅವರ ನಿಯಮ. ಧಾರೆ, ತಾಳಿ ಅಂದರೆ ನಮ್ಮಲ್ಲಿ ಅದೇ ಮದುವೆ. ಗುರುಗಳಿಂದ ಇದನ್ನು ಮುಚ್ಚಿಟ್ಟು, ಅವರು ಆಮಂತ್ರಣ ಪತ್ರಿಕೆಯಲ್ಲಿ ಮುಹೂರ್ತದ ಸಮಯ ಓದಿ ಹಿಂದೆ ಸರಿದರೆ ಆ ವಾರದಲ್ಲಿ ಏನೂ ಮಾಡಲಾಗದು. ಶಾಸ್ತ್ರಗಳ ಪಟ್ಟಿಯನ್ನು ಕನ್ನಡದಲ್ಲಿ ಒಂದು ಪುಟ ಬರೆದು, ಯಾವುದರಲ್ಲಿ ಏನು ನಡೆಯುತ್ತದೆ ಎಂದು ವಿವರಿಸಿ ಮೊದಲ ಭೇಟಿಯಲ್ಲೇ ಕೊಡಿ. ತಂದೆ ತಾಯಿ ಹಾಲೆರೆದು ಹರಸುವುದಕ್ಕೆ ಒಪ್ಪಿ, ತಾಳಿ ಕಟ್ಟುವುದನ್ನು ಮಾತ್ರ ಚರ್ಚಿಗೆ ಬಿಡಿ ಅನ್ನುವವರು ಇರಬಹುದು. ಪೂರ್ತಿ ಒಪ್ಪದವರೂ ಇರಬಹುದು. ಒಪ್ಪದಿದ್ದರೆ ಇನ್ನೊಂದು ದಾರಿ ಕೇಳಿ: ಚರ್ಚಿನ ವಿಧಿಯಿಂದಲೇ ವಿನಾಯಿತಿ ಪಡೆದು, ನೋಂದಣಿ ಮದುವೆಯನ್ನು ಚರ್ಚ್ ಮಾನ್ಯ ಮಾಡುವುದು. ಅದಕ್ಕೆ ಗಟ್ಟಿ ಕಾರಣ ತೋರಿಸಬೇಕಾಗುತ್ತದೆ, ಆದರೆ ಅವಕಾಶ ಇದೆ.

ತಾಳಿಯ ಬಗ್ಗೆ ಒಂದು ಮಾತು. ಮಂಗಳೂರು ಕಥೋಲಿಕರಲ್ಲೂ ಕರಿಮಣಿ ಸರ ಉಂಟು, ಪಿರ್ದೂಕ್ ಅನ್ನುತ್ತಾರೆ. ಎರಡು ಸರ ಮಾಡಿಸಿ ಯಾವುದು ದೊಡ್ಡದು ಎಂಬ ಪಂಚಾಯಿತಿ ಹಚ್ಚಿಕೊಳ್ಳುವ ಬದಲು ಒಂದೇ ಕರಿಮಣಿಗೆ ಎರಡು ಮನೆಯ ಪದಕ ಕೂಡಿಸಿ, ಒಂದೇ ಸಲ ಹಾಕುವುದು ಜಾಣತನ. ಅಕ್ಕಸಾಲಿಗೆ ಅಳತೆ ಹೇಳುವಾಗ ಅವರ ಅಮ್ಮನನ್ನೂ ಕರೆದುಕೊಂಡು ಹೋಗಿ.

ಕಾನೂನು ಸರಳ, ಲೆಕ್ಕ ತಪ್ಪುವುದು ದಿನಗಳಲ್ಲಿ. ಹಿಂದೂ ವಿವಾಹ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ ಅನ್ವಯ. ಹಿಂದೂ–ಕ್ರೈಸ್ತ ಜೋಡಿಯ ಮದುವೆ ಅದರಡಿ ನಿಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಧಾರೆಯೊಂದರಿಂದಲೇ ನೀವು ಕಾನೂನಿನ ಕಣ್ಣಲ್ಲಿ ಗಂಡಹೆಂಡಿರಲ್ಲ. ಚರ್ಚ್ ಮದುವೆಯಾದರೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಸಾಕು, ಅದಕ್ಕೆ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೆ ಆಯಿತು. ಆ ಕಾಯ್ದೆ ಮದುವೆಗೆ ಬೆಳಿಗ್ಗೆ 6ರಿಂದ ಸಂಜೆ 7ರ ಹೊತ್ತನ್ನು ಹೇಳುತ್ತದೆ. ಕಥೋಲಿಕ ಗುರುಗಳಿಗೆ ಬಿಷಪರ ಅನುಮತಿ ಇದ್ದರೆ ವಿನಾಯಿತಿ ಉಂಟು, ನಿಮಗೆ ಅದರ ಅಗತ್ಯ ಬೀಳದು.

ಚರ್ಚ್ ದಾರಿ ಮುಚ್ಚಿದರೆ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನದಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ನಿಮಗೆ ಅದು ಹಾಸನ, ಉಡುಪಿಯಲ್ಲ. ನೋಟಿಸ್ ಪ್ರಕಟವಾಗಿ 30 ದಿನ ಕಳೆದ ಮೇಲೆ, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ, ಮೂವರು ಸಾಕ್ಷಿಗಳ ಮುಂದೆ ಮದುವೆ. ಮೂರು ವಾರದ ರಜೆಯಲ್ಲಿ 30 ದಿನ ಹಿಡಿಸುವುದಿಲ್ಲ. ಹುಡುಗ ಡಿಸೆಂಬರ್ ನಡುವಿನಲ್ಲಿ ನಾಲ್ಕು ದಿನಕ್ಕೆ ಬಂದು ನೋಟಿಸಿಗೆ ಸಹಿ ಹಾಕಿ ಹೋಗಲಿ. ಡಿಸೆಂಬರ್ 14ಕ್ಕೆ ಕೊಟ್ಟರೆ ಜನವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ ಸಮಯ ಸಿಗುತ್ತದೆ. ಫೆಬ್ರವರಿ ಮೊದಲ ವಾರ ಹಾಸನದಲ್ಲಿ ನೋಂದಣಿ ಮುಗಿಸಿ ಉಡುಪಿಗೆ ಹೊರಡಿ. ಈ ಕಾಯ್ದೆಯಡಿ ಮದುವೆಯಾದರೆ ನಿಮ್ಮಿಬ್ಬರ ಆಸ್ತಿ ಮುಂದೆ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹಂಚಿಕೆಯಾಗುತ್ತದೆ, ನೀವು ಹಿಂದೂ ಅವಿಭಕ್ತ ಕುಟುಂಬದಿಂದ ಬೇರ್ಪಟ್ಟಂತೆ ಲೆಕ್ಕ. ಹಾಸನದಲ್ಲಿ ಪಿತ್ರಾರ್ಜಿತ ತೋಟ, ಗದ್ದೆ ಇದ್ದರೆ ವಕೀಲರನ್ನು ಒಮ್ಮೆ ಕೇಳಿ.

ಇನ್ನು ಕಡಲು. ಪಂಚಾಂಗ ನೋಡುವ ಮನೆಗೆ ಭರತ–ಇಳಿತ ಹೊಸದಾಗಿ ಕಲಿಸಬೇಕಾಗಿಲ್ಲ, ಎರಡನ್ನೂ ನಡೆಸುವುದು ಚಂದ್ರನೇ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ಭರತ ಅತಿ ಎತ್ತರ, ಇಳಿತ ಅತಿ ಕೆಳಗೆ. ಅಷ್ಟಮಿ ಕಳೆದಾಗ ಎರಡೂ ಮಂದ. ನಿಮ್ಮ ಬಿದಿಗೆ ಅಮಾವಾಸ್ಯೆಯಾಗಿ ಎರಡನೇ ದಿನ. ಅಂದರೆ ಆ ಪಕ್ಷದಲ್ಲೇ ನೀರು ಹೆಚ್ಚು ಮೇಲೆ ಬರುವ ದಿನಗಳಲ್ಲಿ ಅದೂ ಒಂದು. ದಿನಕ್ಕೆ ಎರಡು ಭರತ, ಎರಡೂ ಒಂದೇ ಎತ್ತರ ಇರುವುದಿಲ್ಲ, ಮರುದಿನಕ್ಕೆ ಸುಮಾರು 50 ನಿಮಿಷ ತಡ. ಆ ದಿನದ ಸಮಯ, ಎತ್ತರ ಸರ್ವೇ ಆಫ್ ಇಂಡಿಯಾದ ಕೋಷ್ಟಕದಲ್ಲಿ ಸಿಗುತ್ತದೆ. ಕೋಷ್ಟಕಕ್ಕಿಂತ ಭರವಸೆಯದ್ದು ಕಣ್ಣು: ಜನವರಿ 22ರ ಹುಣ್ಣಿಮೆ ಕಳೆದ ಮರುದಿನ ಅಥವಾ ಅದರಾಚೆ ದಿನ ಒಬ್ಬರು ಅಲ್ಲಿಗೆ ಹೋಗಿ, ತುಂಬು ಭರತಕ್ಕೆ ಮರಳು ಎಲ್ಲಿಯವರೆಗೆ ಒದ್ದೆಯಾಯಿತು ಎಂದು ಗೂಟ ಹೊಡೆದು ಬರಲಿ. ಆ ಗೂಟದಿಂದ ಕನಿಷ್ಠ 10 ಮೀಟರ್ ಒಳಗೆ ಚಪ್ಪರ. ರೆಸಾರ್ಟಿನವರು ತೋರಿಸುವ ಅಗಲವಾದ ಬೀಚಿನ ಫೋಟೊ ಇಳಿತದ ಹೊತ್ತಿನದ್ದಾಗಿರಬಹುದು, ತೆಗೆದ ಗಂಟೆ ಕೇಳಿ.

ಧಾರೆ ಬೆಳಿಗ್ಗೆಯೇ ಇರಲಿ ಅನ್ನುವುದಕ್ಕೆ ಲಗ್ನ ಮಾತ್ರ ಕಾರಣವಲ್ಲ. ಉಡುಪಿಯ ಕಡಲು ಪಶ್ಚಿಮಕ್ಕಿದೆ. ವಧೂವರರು ಪೂರ್ವಾಭಿಮುಖವಾಗಿ ಹಸೆಮಣೆಯ ಮೇಲೆ ಕೂತರೆ ಬೆನ್ನಿಗೆ ಸಮುದ್ರ, ಮುಖಕ್ಕೆ ಎಳೆಬಿಸಿಲು. ನೆಂಟರು ಎದುರಿಗೆ ಪಶ್ಚಿಮಕ್ಕೆ ಮುಖ ಮಾಡಿ ಕೂರುತ್ತಾರೆ, ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ, ಹಿನ್ನೆಲೆಯಲ್ಲಿ ನೀಲಿ ನೀರು. ಶಾಸ್ತ್ರವೂ ಕ್ಯಾಮೆರಾವೂ ಇಷ್ಟು ಸಲೀಸಾಗಿ ಒಪ್ಪುವುದು ಅಪರೂಪ. ಸಂಜೆ ಅದೇ ಜಾಗದಲ್ಲಿ ನೆಂಟರ ಕಣ್ಣಿಗೆ ನೇರ ಸೂರ್ಯ, ನಿಮ್ಮ ಮುಖ ಕಪ್ಪು.

ಗಾಳಿಯೂ ಹಾಗೆಯೇ. ಫೆಬ್ರವರಿಯಲ್ಲಿ ಬೆಳಿಗ್ಗೆ ನೆಲದಿಂದ ಕಡಲಿಗೆ ಮೆಲುಗಾಳಿ. ಹನ್ನೊಂದರ ಹೊತ್ತಿಗೆ ಅದು ನಿಂತು, ಕಡಲಿನಿಂದ ಗಾಳಿ ಎದ್ದು, ಮಧ್ಯಾಹ್ನ 2ರಿಂದ 4ರವರೆಗೆ ಜೋರು. ಅಕ್ಷತೆ ನೋಡಿ: ಬೆಳಿಗ್ಗೆ ಗಾಳಿ ನೆಂಟರ ಬೆನ್ನಿನಿಂದ ಬರುವುದರಿಂದ ಅಕ್ಕಿ ನೇರ ನಿಮ್ಮ ತಲೆ ಮೇಲೆ. ಮಧ್ಯಾಹ್ನ ಎಸೆದರೆ ಎಸೆದವರ ಕಣ್ಣಿಗೇ ವಾಪಸು. ಅಂತರಪಟದ ಕೆಳಅಂಚಿನಲ್ಲಿ ಮಡಿಕೆ ಹೊಲಿಸಿ ಸಣ್ಣ ಸೀಸದ ಗುಂಡು ಹಾಕಿಸಿ, ಇಲ್ಲದಿದ್ದರೆ ಜೀರಿಗೆ ಬೆಲ್ಲ ಇಡುವ ಮೊದಲೇ ಇಬ್ಬರ ಮುಖವೂ ಕಂಡುಹೋಗುತ್ತದೆ.

ಧಾರೆಯ ಹಾಲಿಗೂ ಲೆಕ್ಕ ಬೇಕು. 150 ಜನ ಒಬ್ಬೊಬ್ಬರೂ ಒಂದು ಉದ್ಧರಣೆ, ಅಂದರೆ 10–15 ಮಿ.ಲೀ. ಎರೆದರೂ ಎರಡು ಲೀಟರ್ ಆಗುತ್ತದೆ. ಮೂರು ಲೀಟರ್ ಇರಲಿ. ಒಬ್ಬರಿಗೆ 12 ಸೆಕೆಂಡ್ ಹಿಡಿದರೆ ಅರ್ಧ ಗಂಟೆ. 9:15ಕ್ಕೆ ಮುಹೂರ್ತವಾದರೆ ಹತ್ತು ಗಂಟೆಯೊಳಗೆ ಎಲ್ಲರದ್ದೂ ಮುಗಿಯುತ್ತದೆ, ಮರಳು ಸುಡುವ ಮೊದಲೇ ಅಜ್ಜಿ ನೆರಳು ಸೇರುತ್ತಾರೆ. ಕೈ ಕೆಳಗೆ ಅಗಲ ಬಾಯಿಯ ಕೊಪ್ಪರಿಗೆ ಇಡಿ. ಜಮಖಾನೆಗೆ ಹಾಲು ಬಿದ್ದರೆ ಜಾರುತ್ತದೆ, ನೊಣ ಮುತ್ತುತ್ತದೆ. ನಿಮ್ಮ ಕಡೆ ಹಲವು ಮನೆಗಳಲ್ಲಿ ಧಾರೆಯೇ ಪ್ರಧಾನ, ಹೋಮ ಇರುವುದಿಲ್ಲ. ಇಡುವುದಾದರೆ ಮರದ ವೇದಿಕೆಯ ಮೇಲೆ ನೇರ ಕುಂಡ ಬೇಡ; ಎರಡು ಸಾಲು ಇಟ್ಟಿಗೆ, ಮೇಲೆ ಮರಳು, ಅದರ ಮೇಲೆ ಕುಂಡ, ಪಕ್ಕದಲ್ಲಿ ಎರಡು ಬಕೆಟ್ ನೀರು.

ಮರಳಲ್ಲಿ ಕಂಬ ನಿಲ್ಲಿಸುವುದೇ ಡೆಕೋರೇಷನ್‌ನವರು ತಪ್ಪುವ ಜಾಗ. 3 ಮೀಟರ್ ಉದ್ದ, 3 ಮೀಟರ್ ಎತ್ತರದ ಹೂವಿನ ಪರದೆಗೆ ಗಂಟೆಗೆ 36 ಕಿ.ಮೀ. ವೇಗದ ಗಾಳಿ ಬೀಸಿದರೆ ಐವತ್ತರಿಂದ ಅರವತ್ತು ಕಿಲೋ ತೂಕದಷ್ಟು ತಳ್ಳುತ್ತದೆ. ಒಣ ಮರಳಲ್ಲಿ ಒಂದಡಿ ಹುಗಿದ ಗಳ ಅದನ್ನು ತಡೆಯದು. ಹಿಂಬದಿಯ ಪ್ರತಿ ಕಂಬಕ್ಕೆ 200 ಲೀಟರಿನ ಡ್ರಮ್ ಇಟ್ಟು ನೀರು ತುಂಬಿಸಿ, ಬಟ್ಟೆ ಮುಚ್ಚಿಸಿ, ಕಂಬವನ್ನು ಅದಕ್ಕೆ ಬಿಗಿಸಿ. ಪರದೆಗೆ ಬಟ್ಟೆಯ ಬದಲು ಗಾಳಿ ಹಾಯುವ ಬಿದಿರಿನ ಜಾಲರಿ ಇರಲಿ; ಸಮುದ್ರದ ಮುಂದೆ ಪರದೆ ಕಟ್ಟುವುದೇ ವಿಚಿತ್ರ ಅನ್ನಿ. ಗೇಟಿನಿಂದ ಚಪ್ಪರದವರೆಗೆ ನಾಲ್ಕಡಿ ಅಗಲ ಪ್ಲೈವುಡ್ ಹಾಸಿ, ಕುರ್ಚಿಗಳ ಕೆಳಗೂ ಹಾಸಿ. ಮೈಕಿಗೆ ಸ್ಪಾಂಜಿನ ಟೊಪ್ಪಿ ಇಲ್ಲದಿದ್ದರೆ ವಿಡಿಯೋದಲ್ಲಿ ಮಂತ್ರದ ಬದಲು ಗಾಳಿಯೇ ಕೇಳುತ್ತದೆ.

ಬಾಳೆಲೆ ಊಟ ಮಾತ್ರ ಮರಳಿನ ಮೇಲೆ ಬೇಡವೇ ಬೇಡ. ಊಟದ ಹೊತ್ತಿಗೆ ಸರಿಯಾಗಿ ಕಡಲಗಾಳಿ ಎದ್ದಿರುತ್ತದೆ, ಎಲೆ ಮಗುಚುತ್ತದೆ, ಪಾಯಸದಲ್ಲಿ ಮರಳು ಸಿಗುತ್ತದೆ. ರೆಸಾರ್ಟಿನ ಹಾಲ್‌ನಲ್ಲಿ ಎರಡು ಪಂಕ್ತಿ ಹಾಕಿಸಿ. ಊಟದ ವಿಷಯದಲ್ಲಿ ನಿಮ್ಮ ಜೋಡಿಗೆ ಒಂದು ಅದೃಷ್ಟವಿದೆ: ನಿಮ್ಮಲ್ಲಿ ಮುಹೂರ್ತದ ಊಟ ಸಸ್ಯಾಹಾರ, ಮಾಂಸ ಬರುವುದು ಬೀಗರ ಊಟಕ್ಕೆ. ಅವರ ಸಂಜೆಯ ರಿಸೆಪ್ಷನ್ನನ್ನೇ ಬೀಗರ ಊಟ ಎಂದು ಕರೆದುಬಿಡಿ. ಅಡುಗೆಯೂ ಒಂದು, ಖರ್ಚೂ ಒಂದು, ಎರಡು ಮನೆಯವರಿಗೂ ತಮ್ಮ ಪದ್ಧತಿ ನಡೆಯಿತೆಂಬ ಸಮಾಧಾನ. ಹಂದಿ ಬಫಾತ್ ಇಲ್ಲದೆ ಅವರ ಮದುವೆ ಊಟ ಪೂರ್ತಿಯಾಗದು, ನಿಮ್ಮ ಕಡೆ ಹಲವರು ತಿನ್ನುವುದಿಲ್ಲ. ಅದಕ್ಕೆ ಬೇರೆ ಕೌಂಟರ್, ಬೇರೆ ಪಾತ್ರೆ, ಬೇರೆ ಸೌಟು, ದೊಡ್ಡ ಅಕ್ಷರದ ಬೋರ್ಡು. 80 ಜನ ತಿನ್ನುವವರೆಂದು ಹಿಡಿದರೆ 18–20 ಕಿಲೋ ಹಸಿಮಾಂಸ, ತಲೆಗೆ ಮೂರರಂತೆ 240 ಸನ್ನಾಂ (ಹಬೆಯಲ್ಲಿ ಬೇಯಿಸಿದ ಅಕ್ಕಿ ಕಡುಬು). ಸಸ್ಯಾಹಾರಿಗಳಿಗೆ ಬೇರೆ ಒಲೆಯೇ ಇರಲಿ, ‘ಬೇರೆ ಸೌಟು’ ಅನ್ನುವುದು ಅಲ್ಲಿ ಸಾಲದು.

ಹಿಂದಿನ ಸಂಜೆ, ಭಾನುವಾರ, ನಿಜವಾಗಿ ಬೆರೆಸಬಹುದಾದ ಶಾಸ್ತ್ರವಿದೆ. ನಿಮ್ಮದು ಅರಿಶಿನ–ಎಣ್ಣೆ, ಅವರದು ರೋಸ್: ತೆಂಗಿನಹಾಲು, ಎಣ್ಣೆ ಹಚ್ಚಿ ಸ್ನಾನಕ್ಕೆ ಕಳಿಸುವುದು. ಎರಡರ ಭಾವವೂ ಒಂದೇ. ಮೊದಲು ಅರಿಶಿನ, ಆಮೇಲೆ ರೋಸ್. ತೆಂಗಿನಹಾಲಿನ ಜಿಡ್ಡಿಗೆ ಅರಿಶಿನ ಸ್ವಲ್ಪ ಬಿಡುತ್ತದೆ, ಉಳಿದದ್ದು ಕಡಲೆಹಿಟ್ಟಿಗೆ ಹೋಗುತ್ತದೆ. ಮುಖಕ್ಕೆ ಅರಿಶಿನ ಬೊಟ್ಟಿನಷ್ಟೇ ಇರಲಿ, ಮರುದಿನ ಚರ್ಚಿಗೆ ಬಿಳಿ ಉಡುಪು. ಹಾಲು ಐದಾರು ಕಾಯಿಯದು ಸಾಕು. ಹಿಂಡಿದ ಮೇಲೆ ಐಸಿನಲ್ಲಿಡಿ, ಸೆಕೆಗೆ ಬೇಗ ಹುಳಿಯುತ್ತದೆ. ಕಲ್ಲುಹಾಸಿನ ಮೇಲೆ ಅರಿಶಿನ ಬಿದ್ದರೆ ರೆಸಾರ್ಟಿನವರು ಬಿಲ್ಲಿಗೆ ಸೇರಿಸುತ್ತಾರೆ. ಹುಲ್ಲಿನ ಮೇಲೆ, ಸಿಹಿನೀರಿನ ನಲ್ಲಿಯ ಹತ್ತಿರ ಮಾಡಿ. ಅವರ ಹೆಂಗಸರು ಕೊಂಕಣಿಯಲ್ಲಿ ವೊವಿಯೊ ಹಾಡುತ್ತಾರೆ, ನಿಮ್ಮವರಿಗೆ ಸೋಬಾನೆ ಇದೆ. ಡಿಜೆ ಆ ಸಂಜೆ ಮನೆಯಲ್ಲಿರಲಿ.

ಬಿಳಿ ಬಣ್ಣಕ್ಕೆ ನಿಮ್ಮ ಹಿರಿಯರ ತಕರಾರು ಬಂದರೆ ಜರಿ ಅಂಚಿನ ಬಿಳಿ ಸೀರೆ ಉಟ್ಟು ಚರ್ಚಿಗೆ ಹೋಗಿ. ರಿಸೆಪ್ಷನ್‌ಗೆ ಹೇಗೂ ಅವರ ಮನೆಯ ಕೆಂಪು ಸೀರೆ, ಸಾಡೊ, ಉಡಿಸುತ್ತಾರೆ, ಅಲ್ಲಿಗೆ ಅಜ್ಜಿಯ ಮುಖವೂ ಅರಳುತ್ತದೆ. ಮುಡಿಗೆ ಉಡುಪಿ ಮಲ್ಲಿಗೆ ಬೇಕಾದರೆ ಅಟ್ಟೆ ಲೆಕ್ಕದಲ್ಲಿ ಮೊದಲೇ ಹೇಳಿಡಿ. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಶಂಕರಪುರದಲ್ಲಿ ದರ ದಿನದಿನಕ್ಕೆ ಗೊತ್ತಾಗುತ್ತದೆ, ಮದುವೆ ದಿನಗಳಲ್ಲಿ ಏರುತ್ತದೆ. ಡೆಕೋರೇಷನ್‌ನವರ ಪಟ್ಟಿಯಲ್ಲಿ ‘ಮಲ್ಲಿಗೆ’ ಅಂತಷ್ಟೇ ಇದ್ದರೆ ಯಾವ ಮಲ್ಲಿಗೆ ಎಂದು ಬರೆಸಿ.

ಚರ್ಚ್ 4ಕ್ಕೆ ಇಟ್ಟರೆ 5:15ರ ಹೊತ್ತಿಗೆ ಮುಗಿದು, ಫೋಟೊಗೆ ಸೂರ್ಯಾಸ್ತಕ್ಕಿಂತ ಮೊದಲೇ ಬೀಚಿಗೆ ಬರುತ್ತೀರಿ. ಅವತ್ತು ಸೂರ್ಯ ಮುಳುಗುವುದು 6:35ರ ಸುಮಾರಿಗೆ. ನೀವು ಕೇಳಿದ ಸೂರ್ಯಾಸ್ತ ಇಲ್ಲಿ ಸಿಗುತ್ತದೆ: ಬ್ರಾಸ್ ಬ್ಯಾಂಡಿನ ಜೊತೆ ಮರಳ ಮೇಲೆ ನಡೆದು ಬರುವುದು ಮಾತ್ರ, ಕೂರುವುದು ಹುಲ್ಲುಹಾಸಿನ ಮೇಲೆ. ಬೆಳಕು ಇಳಿದ ಮೇಲೆ ಪಡುವಣದಲ್ಲಿ ತೆಳು ಬಿದಿಗೆ ಚಂದ್ರ ಸ್ವಲ್ಪ ಹೊತ್ತು ಕಾಣಿಸುತ್ತಾನೆ. ಆಮೇಲೆ ಬೀಚು ಗಾಢ ಕತ್ತಲು, ನಡೆಯುವ ದಾರಿಗೆ ಮೊಣಕಾಲೆತ್ತರದ ದೀಪ ಬೇಕು. ದೀಪದ ಮುಖ ಕಡಲಿಗೆ ತಿರುಗಿಸಬೇಡಿ. ಈ ಕರಾವಳಿಯಲ್ಲಿ ಕಡಲಾಮೆ ಮೊಟ್ಟೆಯಿಡುವ ಕಾಲ ಅದು. ಕುಂದಾಪುರದ ಕೋಡಿಯಂಥ ಕಡೆ ಅರಣ್ಯ ಇಲಾಖೆ ಗೂಡು ಕಾಯುತ್ತದೆ, ಮರಿಗಳು ಬೆಳಕು ಕಂಡ ಕಡೆ ದಾರಿ ತಪ್ಪುತ್ತವೆ.

ರೆಸಾರ್ಟಿನ ಬೇಲಿಯಾಚೆಯ ಮರಳು ರೆಸಾರ್ಟಿನದಲ್ಲ. ‘ಪ್ರೈವೇಟ್ ಬೀಚ್’ ಎಂದು ಬರೆದುಕೊಂಡರೂ ಭರತದ ಗೆರೆಯ ಕೆಳಗಿನದು ಸರ್ಕಾರದ್ದು, ಕರಾವಳಿ ನಿಯಂತ್ರಣ ವಲಯಕ್ಕೆ ಸೇರಿದ್ದು. ಅಲ್ಲಿ ಚಪ್ಪರ ಹಾಕಲು ಸ್ಥಳೀಯ ಪಂಚಾಯಿತಿ, ಪೊಲೀಸ್, ಜಿಲ್ಲಾಡಳಿತದ ಅನುಮತಿ ಯಾರು ತರುತ್ತಾರೆ ಎಂದು ಕೇಳಿ. ಪಡುಬಿದ್ರಿಯ ಹಾಗೆ ಬ್ಲೂ ಫ್ಲ್ಯಾಗ್ (ಸ್ವಚ್ಛ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಇರುವ ಕಡೆ ಕಟ್ಟುನಿಟ್ಟು ಇನ್ನೂ ಹೆಚ್ಚು. ತೆರೆದ ಜಾಗದಲ್ಲಿ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು, ಹಾಗಾಗಿ ಕೇಕ್, ಟೋಸ್ಟ್ 7:30ಕ್ಕೆ, ಕುಣಿತ 8ಕ್ಕೆ. ಮದ್ಯದ ಪರವಾನಗಿ ರೆಸಾರ್ಟಿನ ಕಟ್ಟಡಕ್ಕೆ ಮಾತ್ರವೋ ಹುಲ್ಲುಹಾಸಿಗೂ ಉಂಟೋ ಕೇಳಿ, ಇಲ್ಲದಿದ್ದರೆ ಅಬಕಾರಿ ಇಲಾಖೆಯಿಂದ ಆ ಸಂದರ್ಭಕ್ಕೆಂದೇ ಸಿಎಲ್-5 ಪರವಾನಗಿ ತೆಗೆಸಬೇಕು. ಟೋಸ್ಟಿನ ಗ್ಲಾಸುಗಳ ಪೈಕಿ ಅರ್ಧದಷ್ಟಕ್ಕೆ ದ್ರಾಕ್ಷಿರಸ ತುಂಬಿಸಿ, ಅವು ಬೇರೆ ತಟ್ಟೆಯಲ್ಲಿ ಬರಲಿ.

ರೆಸಾರ್ಟಿನ ಕರಾರಿನಲ್ಲಿ ಬರೆಸಬೇಕಾದ್ದು ನಾಲ್ಕು: ಗಾಳಿ, ಮಳೆಗೆ ಹಾಲ್ ಹೆಚ್ಚುವರಿ ಬಾಡಿಗೆ ಇಲ್ಲದೆ ಸಿಗಬೇಕು, ಹೊರಗಿನ ಅಡುಗೆಯವರಿಗೆ ಎರಡು ಪ್ರತ್ಯೇಕ ಒಲೆಯ ಜಾಗ ಕೊಡಬೇಕು, ಬೀಚಿನ ಅನುಮತಿ ಪತ್ರದ ಪ್ರತಿ ಜನವರಿ 25ರೊಳಗೆ ನಿಮ್ಮ ಕೈಗೆ ಬರಬೇಕು, ಬಿಷಪರ ವಿನಾಯಿತಿ ಬಾರದೆ ದಿನಾಂಕ ಬದಲಾದರೆ ಮುಂಗಡ ಮುಂದಿನ ತಾರೀಕಿಗೆ ಸೇರಬೇಕು. ಕೊನೆಯದಕ್ಕೆ ಅವರು ಒಪ್ಪದಿದ್ದರೆ ಗುರುಗಳ ಉತ್ತರ ಬರುವವರೆಗೆ ಮುಂಗಡ ಕಟ್ಟಬೇಡಿ.